ಏಳು ದಿನದ ಶಿಬಿರ, ಹದಿನೆಂಟು ವರ್ಷದ ಕೆಲಸ

ಕಾಲೇಜಿನಿಂದ ಸಮಾಜ ಸೇವೆಗೆ ಹೊರಡುವ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಎರಡು ನಿರೀಕ್ಷೆಗಳಿರುತ್ತವೆ. ನಾವು ಹೋದರೆ ಅಲ್ಲಿ ಏನಾದರೂ ಬದಲಾಗುತ್ತದೆ ಎಂಬುದು ಒಂದು. ಅಲ್ಲಿನ ಜನ ನಮ್ಮನ್ನು ಕಂಡು ಖುಷಿಪಡುತ್ತಾರೆ ಎಂಬುದು ಇನ್ನೊಂದು. ಎರಡೂ ಆಗದಿದ್ದಾಗ, "ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ" ಅನ್ನುವ ಮಾತು ಬಂದುಬಿಡುತ್ತದೆ. ಆದರೆ ಹೊರಡುವ ಮೊದಲೇ ನಮ್ಮ ಲೆಕ್ಕ ತಪ್ಪಿರುತ್ತದೆ.

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ (ಎನ್.ಎಸ್.ಎಸ್.) ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. 120 ಗಂಟೆ ಎಂದರೆ ದಿನಕ್ಕೆ ಎಂಟು ಗಂಟೆ ದುಡಿಯುವ ಕೂಲಿಯವನ ಹದಿನೈದು ದಿನ. ಅದೂ ವರ್ಷವಿಡೀ ಚೂರುಚೂರಾಗಿ. ಅಷ್ಟರಲ್ಲಿ ಒಂದು ಕೇರಿಯ ಬಡತನ ಹೋಗುತ್ತದೆಯೇ?

ಬದಲಾವಣೆಗೆ ಎಷ್ಟು ಕಾಲ ಬೇಕೆಂದು ತಿಳಿಯಲು ಪುಣೆಯನ್ನೇ ನೋಡಿ. 1990ರ ಸುಮಾರಿಗೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಅಲ್ಲಿ ಚಿಂದಿ ಆಯುವ ಮಕ್ಕಳಿಗೆ ಅಕ್ಷರ ಕಲಿಸಲು ಹೋದರು. ಆ ಮಕ್ಕಳ, ತಾಯಂದಿರ ಜೊತೆ ಕಸದ ತೊಟ್ಟಿಯವರೆಗೂ ನಡೆದರು. ಕೊಳೆತ ರಾಶಿಯಲ್ಲಿ ಕೈಯಾಡಿಸುವ ಬದಲು ಮನೆಯಲ್ಲೇ ಬೇರ್ಪಡಿಸಿದ ಒಣಕಸ ಸಿಕ್ಕರೆ ಗಳಿಕೆಯೂ ಹೆಚ್ಚು, ದುಡಿಮೆಗೂ ಮರ್ಯಾದೆ ಎಂದು ಅಲ್ಲಿ ಗೊತ್ತಾಯಿತು. ಕಲಿಸಲು ಹೋದವರೇ ಕಲಿತರು ಅಲ್ವಾ? 1993ರಲ್ಲಿ ಕಾರ್ಮಿಕ ನಾಯಕ ಬಾಬಾ ಆಢಾವ್ ಅವರ ಬೆಂಬಲದೊಂದಿಗೆ ಚಿಂದಿ ಆಯುವವರ ಸಂಘಟನೆ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಹುಟ್ಟಿತು. ಅವರದೇ ಸಹಕಾರಿ ಸಂಘ 'ಸ್ವಚ್ಛ್' ಮನೆಮನೆಯ ಕಸ ಸಂಗ್ರಹಿಸಲು ಮಹಾನಗರಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡದ್ದು 2008ರಲ್ಲಿ. ಹದಿನೆಂಟು ವರ್ಷ!

ಹಾಗಾದರೆ ವಿದ್ಯಾರ್ಥಿ ಏನನ್ನು ನಿರೀಕ್ಷಿಸಬಹುದು?

ಮೊದಲ ವಾರ ನೀವು ಸಂಸ್ಥೆಗೆ ಭಾರವೇ. ಅಲ್ಲಿನ ಕಾರ್ಯಕರ್ತೆ ತನ್ನ ಕೆಲಸ ಬಿಟ್ಟು ನಿಮಗೆ ಓಣಿ ತೋರಿಸಬೇಕು, ಜನರ ಪರಿಚಯ ಮಾಡಿಸಬೇಕು. ಇದಕ್ಕೆ ಬೇಸರ ಬೇಡ, ಆದರೆ ನೆನಪಿರಲಿ.

ಕೊಡುವ ಕೆಲಸ ಸಣ್ಣದಿರುತ್ತದೆ. ಅರ್ಜಿ ತುಂಬುವುದು, ಪಟ್ಟಿ ಬರೆಯುವುದು, ಅಜ್ಜಿಯೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ದು ಸಾಲಿನಲ್ಲಿ ನಿಲ್ಲುವುದು. ಪುಣೆಯಲ್ಲಿ ಓದುವ ನಮ್ಮ ಮಕ್ಕಳಿಗೆ ಮರಾಠಿ ಬಾರದಿರಬಹುದು. ಆದರೆ ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದ ಕುಟುಂಬಗಳು ಅಲ್ಲಿವೆ. ಅವರ ಮುಂದೆ ನಿಮ್ಮ ಕನ್ನಡ, ಉರ್ದುವೇ ದೊಡ್ಡ ಸಹಾಯ.

ಉಳಿಸಿಕೊಳ್ಳಲಾಗದ ಮಾತು ಕೊಡಬೇಡಿ. "ಮುಂದಿನ ವಾರ ಬರ್ತೀವಿ" ಎಂದರೆ ನಿಮಗದು ಬರೀ ಮಾತು, ಮಕ್ಕಳು ಬಾಗಿಲಲ್ಲಿ ಕಾಯುತ್ತಾರೆ. ಫೋಟೋ ತೆಗೆಯುವ ಮುನ್ನ ಕೇಳಿ. ಕೊಟ್ಟದ್ದನ್ನು ಎತ್ತಿ ಆಡಿದರೆ ದಾನದ ಫಲವೇ ಹೋಗುತ್ತದೆ ಎಂದು ಖುರ್‌ಆನ್ ಎಚ್ಚರಿಸುತ್ತದೆ. ಅವರ ಬಡತನವನ್ನು ಸ್ಟೇಟಸ್‌ಗೆ ಹಾಕುವುದೂ ಎತ್ತಿ ಆಡಿದಂತೆಯೇ.

ಕಾಲೇಜುಗಳೂ ಕಳಿಸುವ ಮೊದಲು ಮೂರು ವಿಷಯ ಕೇಳಿಕೊಳ್ಳಬೇಕು: ಕೆಲಸ ಏನು, ಅಲ್ಲಿ ದಾರಿ ತೋರಿಸುವವರು ಯಾರು, ವಿದ್ಯಾರ್ಥಿ ಹೊರಟ ಮೇಲೆ ಅದನ್ನು ಮುಂದುವರಿಸುವವರು ಯಾರು. "ಏನು ಸಾಧಿಸಿದಿರಿ" ಎಂಬುದಕ್ಕೆ ಅಂಕ ಕೊಟ್ಟರೆ ವರದಿಯಲ್ಲಿ ಸುಳ್ಳು ಬೆಳೆಯುತ್ತದೆ. "ಏನು ಕಲಿತಿರಿ, ಯಾರಿಗೆ ಒಪ್ಪಿಸಿ ಬಂದಿರಿ" ಎಂದು ಕೇಳಲಿ.

1856ರಲ್ಲಿ ಕಾಯಿಲೆಯಿಂದ ತವರಿನಲ್ಲಿದ್ದ ಸಾವಿತ್ರಿಬಾಯಿ ಫುಲೆ, ಪುಣೆಯಲ್ಲಿದ್ದ ಜ್ಯೋತಿಬಾಗೆ ಬರೆದ ಪತ್ರದಲ್ಲಿ ಫಾತಿಮಾರನ್ನು ನೆನೆಯುತ್ತಾರೆ. ತಾನಿಲ್ಲದೆ ಆಕೆಗೆ ಕಷ್ಟವಾಗುತ್ತಿರಬಹುದು, ಆದರೂ ಆಕೆ ಗೊಣಗುವವಳಲ್ಲ ಎಂಬ ಭರವಸೆ ಅದರಲ್ಲಿದೆ. ಒಬ್ಬರು ಇಲ್ಲದಾಗ ಇನ್ನೊಬ್ಬರು ಹೊತ್ತುಕೊಂಡರೆ ಮಾತ್ರ ಸೇವೆ ನಿಲ್ಲುತ್ತದೆ ಎಂಬ ಭಯವಿರುವುದಿಲ್ಲ.

ಅಲ್ಲಾಹನಿಗೆ ಹೆಚ್ಚು ಪ್ರಿಯವಾದದ್ದು ಸಣ್ಣದಾದರೂ ನಿರಂತರವಾಗಿ ಮಾಡುವ ಕರ್ಮ ಎಂದು ಪ್ರವಾದಿ (ಸ) ಕಲಿಸಿದ್ದಾರೆ. ಶಿಬಿರ ಮುಗಿದ ಮೇಲೂ ತಿಂಗಳಿಗೊಂದು ಭಾನುವಾರ ಅದೇ ಓಣಿಗೆ ಹೋಗಿ. ಅಷ್ಟು ಸಾಕು.