ಪಂಪ್‌ಸೆಟ್ ಅದುರುತ್ತಿದೆಯೇ?

ತೆರೆದ ಬಾವಿಯ ಪಂಪ್‌ಸೆಟ್ ಅದುರತೊಡಗಿದರೆ ಅನೇಕರು ಕೂಡಲೇ ಬೇರಿಂಗ್ ಬದಲಾಯಿಸುತ್ತಾರೆ. ಮೂಲ ದೋಷ ಹಾಗೆಯೇ ಉಳಿದರೆ ಹೊಸ ಬೇರಿಂಗೂ ಬೇಗನೆ ಸವೆಯುತ್ತದೆ.

ಮೊದಲು ಓಡುತ್ತಿರುವ ಪಂಪಿನ ಸ್ವಿಚ್ ಆರಿಸಿ ಗಮನಿಸಬೇಕು. ಆ ಕ್ಷಣವೇ ಅದುರಾಟ ನಿಂತರೆ ದೋಷ ಮೋಟಾರಿನ ಸುರುಳಿಯಲ್ಲಿ ಇಲ್ಲವೇ ವಿದ್ಯುತ್ ಸರಬರಾಜಿನಲ್ಲಿರುತ್ತದೆ. ಮೂರೂ ಫೇಸುಗಳನ್ನು ಬಲ್ಲವರಿಂದ ಪರೀಕ್ಷಿಸಬೇಕು. ವೇಗ ಇಳಿದಂತೆ ಕ್ರಮೇಣ ಕಡಿಮೆಯಾದರೆ ದೋಷ ಯಂತ್ರಭಾಗದ್ದು. ಆಗ ಫ್ಯೂಸ್ ಕಳಚಿಟ್ಟು, ತಳಪಾಯದ ಬೋಲ್ಟುಗಳನ್ನು ಬಿಗಿಮಾಡಿ, ಕಪ್ಲಿಂಗಿನ ಎರಡೂ ಭಾಗಗಳು ಒಂದೇ ನೇರದಲ್ಲಿವೆಯೇ ಎಂದು ಪಟ್ಟಿಯಿಟ್ಟು ನಾಲ್ಕೂ ಕಡೆ ನೋಡಬೇಕು. ಇಂಪೆಲ್ಲರಿನಲ್ಲಿ ಸಿಕ್ಕಿದ ಕಸ ತೆಗೆಯಬೇಕು.

ಜಲ್ಲಿಕಲ್ಲು ಉರುಳಿದಂತಹ ಸದ್ದೂ ಕೇಳಿದರೆ ಪಂಪಿಗೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು. ಫುಟ್‌ವಾಲ್ವಿನ ಜಾಲರಿ ಶುಚಿಮಾಡಿ, ನೀರಿನ ಮಟ್ಟ ಇಳಿದಿದ್ದರೆ ಪಂಪನ್ನು ನೀರಿಗೆ ಹತ್ತಿರ ಇಳಿಸಬೇಕು. ಇಷ್ಟಾದರೂ ಅದುರಾಟ ನಿಲ್ಲದಿದ್ದರೆ ಮಾತ್ರ ಬೇರಿಂಗಿಗೆ ಹಣ ಹಾಕುವುದು ಲೇಸು.