ಅಧ್ಯಾಯ 6: ಆಡಿದ ಮಾತನ್ನು ಹಿಂದೆಗೆಯುವ ವಿದ್ಯೆ

ಬೇಸಿಗೆಯ ಒಂದು ಬೆಳಗ್ಗೆ. ಅಜ್ಜಿ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು ಮಹಡಿಗೆ ಹೊರಟಿದ್ದಾರೆ. "ಬಿಸಿಲು ಚೆನ್ನಾಗಿದೆ, ಇವತ್ತೇ ಇಟ್ಟುಬಿಡೋಣ." ಮೊಮ್ಮಗಳು ತಡೆಯುತ್ತಾಳೆ: "ಬೇಡ ಅಜ್ಜಿ, ಮಧ್ಯಾಹ್ನ ಮಳೆ ಅಂತ ಫೋನಿನಲ್ಲಿ ಬಂದಿದೆ." ಅಜ್ಜಿ ಪಾತ್ರೆ ಕೆಳಗಿಡುತ್ತಾರೆ. ಅಷ್ಟರಲ್ಲಿ ಮೊಮ್ಮಗ ಫೋನಿಗೆ ಇಣುಕಿ, "ಅದು ನಿನ್ನೇದು ಕಣೇ, ತಾರೀಕು ನೋಡು" ಎನ್ನುತ್ತಾನೆ. ಪಾತ್ರೆ ಮತ್ತೆ ಮೆಟ್ಟಿಲು ಹತ್ತುತ್ತದೆ.

ಅರ್ಧ ನಿಮಿಷದಲ್ಲಿ ಒಂದು ತೀರ್ಮಾನ ಹುಟ್ಟಿತು, ಬಿತ್ತು, ಮತ್ತೆ ಎದ್ದಿತು. ಮೂವರೂ ತರ್ಕಶಾಸ್ತ್ರ ಓದಿದವರಲ್ಲ. ಆದರೆ ಈ ಅರ್ಧ ನಿಮಿಷವನ್ನು ಕಂಪ್ಯೂಟರಿಗೆ ಕಲಿಸಲು ದಶಕಗಳೇ ಹಿಡಿದವು.

ಗಣಿತದ ಹಟ

ಕಂಪ್ಯೂಟರಿಗೆ ಮೊದಲು ಒಲಿದದ್ದು ಗಣಿತದ ತರ್ಕ. ಅಲ್ಲಿ ಒಮ್ಮೆ ಸಾಧಿಸಿದ್ದು ಸಾಧಿಸಿದಂತೆಯೇ. ಆಮೇಲೆ ಎಷ್ಟೇ ಹೊಸ ಸಂಗತಿ ಬಂದು ಸೇರಿದರೂ ಹಳೆಯ ತೀರ್ಮಾನ ಅಲುಗುವುದಿಲ್ಲ. ತ್ರಿಕೋನದ ಪ್ರಮೇಯಕ್ಕೆ ಈ ಹಟ ಸರಿ, ಸಂಡಿಗೆಗೆ ಆಗದು. ದಿನದ ಬದುಕಿನಲ್ಲಿ ನಾವು "ಸಾಮಾನ್ಯವಾಗಿ ಹೀಗೆ" ಎಂದು ನಂಬಿ ಹೆಜ್ಜೆ ಇಡುತ್ತೇವೆ, ತೊಡಕು ಕಂಡರೆ ಹೆಜ್ಜೆ ಹಿಂದಿಡುತ್ತೇವೆ. ನಮ್ಮ ವಾದಗಳು ಗಣಿತದ ಅಚ್ಚಿಗೆ ಒಗ್ಗುವುದಿಲ್ಲ ಎಂದು ಬ್ರಿಟನ್ನಿನ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲೇ ಪುಸ್ತಕ ಬರೆದು ಹೇಳಿದ್ದರು. 1980ರಲ್ಲಿ ಜಾನ್ ಮೆಕಾರ್ಥಿ, ರೇಮಂಡ್ ರೈಟರ್ ಮೊದಲಾದ ಕಂಪ್ಯೂಟರ್ ವಿಜ್ಞಾನಿಗಳು "ಬೇರೆ ಸುದ್ದಿ ಬರುವ ತನಕ ಹೀಗೆಂದು ತಿಳಿ" ಎಂಬಂಥ ನಿಯಮಗಳಿಗೆ ಗಣಿತದ ರೂಪ ಕೊಟ್ಟರು. ಹಟಮಾರಿ ಯಂತ್ರ ಬಗ್ಗತೊಡಗಿದ್ದು ಆಗ.

ಬೀಳಿಸುವ ಬಗೆ ಎರಡು

ವಾದವೊಂದನ್ನು ಬೀಳಿಸಲು ಎರಡು ದಾರಿಗಳಿವೆ ಎಂದು ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ಪೊಲಾಕ್ ವಿಂಗಡಿಸಿದರು. ಒಂದು, ಎದುರಿನ ತೀರ್ಮಾನವನ್ನೇ ಅಲ್ಲಗಳೆಯುವುದು. ಇನ್ನೊಂದು, ಕಾರಣಕ್ಕೂ ತೀರ್ಮಾನಕ್ಕೂ ನಡುವಿನ ಕೊಂಡಿ ಕತ್ತರಿಸುವುದು. ಅವರ ಉದಾಹರಣೆ ಹೀಗಿದೆ: ಒಂದು ವಸ್ತು ಕೆಂಪಗೆ ಕಾಣುತ್ತಿದೆ, ಆದ್ದರಿಂದ ಅದು ಕೆಂಪು ಎನ್ನುತ್ತೀರಿ. ಅದರ ಮೇಲೆ ಕೆಂಪು ದೀಪದ ಬೆಳಕು ಬಿದ್ದಿದೆ ಎಂದು ಯಾರೋ ತೋರಿಸುತ್ತಾರೆ. ವಸ್ತು ಕೆಂಪಲ್ಲ ಎಂದು ಇದರಿಂದ ಸಾಬೀತಾಗಲಿಲ್ಲ, ಅದು ನಿಜಕ್ಕೂ ಕೆಂಪಗೇ ಇರಬಹುದು. ಆದರೆ ಕಣ್ಣನ್ನು ನೆಚ್ಚುವ ಹಾಗಿಲ್ಲ, ಅಷ್ಟೇ. ಮೊಮ್ಮಗ ಮಾಡಿದ್ದೂ ಇದನ್ನೇ. ಮಳೆ ಬರುವುದಿಲ್ಲ ಎಂದು ಅವನು ಹೇಳಲಿಲ್ಲ, ಮೊಮ್ಮಗಳ ಕಾರಣಕ್ಕೆ ಬಲವಿಲ್ಲ ಎಂದು ತೋರಿಸಿದ.

ಚುಕ್ಕಿ ಮತ್ತು ಬಾಣ

ವಾದ ಮಾಡುವುದನ್ನು ಯಂತ್ರಕ್ಕೆ ಕಲಿಸುವ ಈ ಕ್ಷೇತ್ರಕ್ಕೆ ತಿರುವು ಕೊಟ್ಟದ್ದು 1995ರ ಒಂದು ಪ್ರಬಂಧ. ಬ್ಯಾಂಕಾಕಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಫಾನ್ ಮಿನ್ ಡುಂಗ್ ಒಂದು ಧೈರ್ಯದ ಕೆಲಸ ಮಾಡಿದರು. ವಾದದ ಒಳಗೆ ಏನಿದೆ ಎಂಬುದನ್ನು ಪೂರ್ತಿ ಬದಿಗಿಟ್ಟರು. ಪ್ರತಿ ವಾದವೂ ಒಂದು ಚುಕ್ಕಿ. ಒಂದು ವಾದ ಇನ್ನೊಂದನ್ನು ಹೊಡೆದರೆ ಅಲ್ಲಿಗೆ ಒಂದು ಬಾಣ. ಇಡೀ ಜಗಳ ಒಂದು ನಕ್ಷೆಯಾಯಿತು.

ನಮ್ಮ ಮಹಡಿಯ ನಕ್ಷೆಯಲ್ಲಿ ಮೂರು ಚುಕ್ಕಿ. ಅಜ್ಜಿಯದು ಕ, ಮೊಮ್ಮಗಳದು ಖ, ಮೊಮ್ಮಗನದು ಗ. ಖದಿಂದ ಕಗೆ ಒಂದು ಬಾಣ, ಗದಿಂದ ಖಗೆ ಇನ್ನೊಂದು. ಯಂತ್ರ ಮಾಡಬೇಕಾದ್ದು ಇಷ್ಟು:

1. ಯಾವ ಬಾಣವೂ ತಾಗದ ವಾದವನ್ನು ಒಪ್ಪಿಕೋ. (ಗ ನಿಂತಿತು.)
2. ಅದು ಹೊಡೆದ ವಾದವನ್ನು ಅಳಿಸು. (ಖ ಬಿತ್ತು.)
3. ಉಳಿದವನ್ನು ಮತ್ತೆ ಮೊದಲಿನಿಂದ ನೋಡು. (ಕ ಎದ್ದಿತು.)

ಮೊಮ್ಮಗಳು ಈಗ ಆಕಾಶದ ಅಂಚಿನಲ್ಲಿ ಕರಿಮೋಡ ತೋರಿಸಿದರೆ ಹೊಸ ಚುಕ್ಕಿ, ಹೊಸ ಬಾಣ, ಹೊಸ ಲೆಕ್ಕ.

ಇಬ್ಬರೂ ಒಬ್ಬರನ್ನೊಬ್ಬರು ಹೊಡೆಯುತ್ತಿದ್ದರೆ? ಜಾತ್ರೆ ಸೋಮವಾರ ಎಂದು ಒಬ್ಬ, ಮಂಗಳವಾರ ಎಂದು ಇನ್ನೊಬ್ಬ. ಡುಂಗ್ ಇಲ್ಲಿ ಒಂದೇ ತೀರ್ಪು ಹೇರಲಿಲ್ಲ. ಎಚ್ಚರದ ಲೆಕ್ಕ ಎರಡನ್ನೂ ತಡೆಹಿಡಿಯುತ್ತದೆ. ಧಾರಾಳದ ಲೆಕ್ಕ ಇಬ್ಬರ ನಿಲುವನ್ನೂ ಬೇರೆಬೇರೆಯಾಗಿ ಸಮರ್ಥಿಸಬಹುದಾದ ಎರಡು ಪಕ್ಷಗಳೆಂದು ಮುಂದಿಡುತ್ತದೆ. ಕಾನೂನು, ವೈದ್ಯಕೀಯದಂಥ ಕಡೆ ಈ ಮಾದರಿಗಳಿಗೆ ಕೆಲಸ ಸಿಕ್ಕಿದ್ದು ಈ ಕಾರಣಕ್ಕೆ: ತೀರ್ಮಾನ ಯಾಕೆ ನಿಂತಿತು, ಯಾರು ಯಾರನ್ನು ಬೀಳಿಸಿದರು ಎಂಬುದು ಕಣ್ಣೆದುರೇ ಇರುತ್ತದೆ.

ವೇದಿಕೆ ಏರಿದ ಯಂತ್ರ

ಚುಕ್ಕಿಗಳನ್ನು ಯಾರಾದರೂ ಇಟ್ಟುಕೊಟ್ಟರೆ ಲೆಕ್ಕ ಸುಲಭ. ಜನರ ಮಾತಿನಿಂದ ಚುಕ್ಕಿಗಳನ್ನು ಹೆಕ್ಕುವುದು ಕಷ್ಟ. ಐಬಿಎಂ ಕಂಪನಿಯ ಪ್ರಾಜೆಕ್ಟ್ ಡಿಬೇಟರ್ ಎಂಬ ಚರ್ಚಾ ಯಂತ್ರ ಅದಕ್ಕೆ ಕೈ ಹಾಕಿತು. 2019ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದರ ಎದುರು ನಿಂತವರು ನುರಿತ ಚರ್ಚಾಪಟು ಹರೀಶ್ ನಟರಾಜನ್. ಶಿಶುವಿಹಾರಗಳಿಗೆ ಸರ್ಕಾರ ಸಹಾಯಧನ ಕೊಡಬೇಕೇ ಎಂಬುದು ವಿಷಯ. ತಯಾರಿಗೆ ಇಬ್ಬರಿಗೂ 15 ನಿಮಿಷ. ಯಂತ್ರ ಕೊಡಬೇಕು ಎಂದಿತು, ನಟರಾಜನ್ ಬೇಡ ಎಂದರು. ಮೊದಲು ಸಭಿಕರಲ್ಲಿ ಶೇಕಡಾ 79 ಮಂದಿ ಯಂತ್ರದ ಕಡೆಗಿದ್ದರು, ಕೊನೆಗೆ ಉಳಿದದ್ದು 62. ಹೆಚ್ಚು ಮಂದಿಯ ಮನಸ್ಸು ಬದಲಿಸಿದವರೇ ಗೆದ್ದಂತೆ, ಹಾಗಾಗಿ ಗೆಲುವು ಮನುಷ್ಯನದು. ಆದರೆ ಯಾರಿಂದ ಹೆಚ್ಚು ತಿಳಿದುಕೊಂಡಿರಿ ಎಂದು ಕೇಳಿದಾಗ ಹೆಚ್ಚಿನವರು ಬೆರಳು ತೋರಿಸಿದ್ದು ಯಂತ್ರದ ಕಡೆಗೆ.

ನಮ್ಮ ನ್ಯಾಯದರ್ಶನ ಸತ್ಯಕ್ಕಾಗಿ ನಡೆಯುವ ಚರ್ಚೆಯನ್ನು ವಾದ ಎಂದೂ, ಗೆಲುವಿಗಾಗಿ ನಡೆಯುವುದನ್ನು ಜಲ್ಪ ಎಂದೂ, ತನ್ನದೇ ಪಕ್ಷವಿಲ್ಲದೆ ಬರೀ ಕೆಡವುವುದನ್ನು ವಿತಂಡ ಎಂದೂ ಕರೆದಿತ್ತು. ಆ ಸಂಜೆ ಸಭಿಕರು ಗೆಲುವನ್ನು ಒಬ್ಬರಿಗೂ ಅರಿವನ್ನು ಇನ್ನೊಬ್ಬರಿಗೂ ಹಂಚಿ, ಜಲ್ಪವೂ ವಾದವೂ ಬೇರೆ ಎಂಬುದನ್ನು ತಮಗರಿಯದೆಯೇ ಒಪ್ಪಿದರು.

ಬೇಗ ಸೋಲುವ ಯಂತ್ರ

ಇಂದಿನ ಭಾಷಾ ಮಾದರಿಗಳ ಕಥೆ ಬೇರೆ. ಅವುಗಳೊಳಗೆ ಚುಕ್ಕಿ ಬಾಣಗಳ ನಕ್ಷೆಯನ್ನು ಯಾರೂ ಬರೆದಿಟ್ಟಿಲ್ಲ. ಅಪಾರ ಬರಹವನ್ನು ಓದಿ, ಮುಂದೆ ಯಾವ ಪದ ಬರಬಹುದೆಂದು ಊಹಿಸಲು ಕಲಿತಿರುವುದರಿಂದ ಪರ ವಿರೋಧ ಎರಡನ್ನೂ ಸರಾಗವಾಗಿ ಬರೆಯುತ್ತವೆ. ಆದರೆ ಅವು ಬರೆದು ತೋರಿಸುವ ಕಾರಣವೇ ಉತ್ತರಕ್ಕೆ ನಿಜವಾದ ಕಾರಣ ಎಂದು ಹೇಳಲಾಗದು. ಪ್ರಯೋಗಗಳಲ್ಲಿ ಇನ್ನೊಂದು ದೌರ್ಬಲ್ಯವೂ ಕಂಡಿದೆ: ಸರಿಯಾದ ಉತ್ತರ ಕೊಟ್ಟ ಮೇಲೂ, "ಅಲ್ಲ ಅನ್ನಿಸುತ್ತೆ, ಮತ್ತೆ ನೋಡು" ಎಂದು ಒತ್ತಾಯಿಸಿದರೆ ಸಾಕು, ಎಷ್ಟೋ ಸಲ ಕ್ಷಮೆ ಕೇಳಿ ತಪ್ಪು ಉತ್ತರಕ್ಕೆ ಜಾರುತ್ತವೆ.

ಒಂದು ಕಾಲದಲ್ಲಿ ಮಾತು ಹಿಂದೆಗೆಯಲು ಬಾರದಿದ್ದ ಯಂತ್ರ ಈಗ ಸುಲಭವಾಗಿ ಹಿಂದೆಗೆಯುತ್ತದೆ. ಬಾಣ ಎಲ್ಲಿಂದ ಬಂತು, ಅದರ ಹಿಂದೆ ಕಾರಣವಿದೆಯೇ, ಬರೀ ಏರುದನಿಯೇ ಎಂದು ಎಷ್ಟೋ ಸಲ ನೋಡುವುದಿಲ್ಲ. ಅಜ್ಜಿ ನೋಡಿದ್ದರು. ಅವರು ಪಾತ್ರೆ ಕೆಳಗಿಟ್ಟದ್ದು ಮಳೆಯ ಸುದ್ದಿಗೆ, ಮೇಲೆತ್ತಿದ್ದು ತಾರೀಕಿಗೆ. ಮೊಮ್ಮಕ್ಕಳು ಬರೀ ಗಲಾಟೆ ಮಾಡಿದ್ದರೆ ಸಂಡಿಗೆ ಇಷ್ಟು ಹೊತ್ತಿಗೆ ಅರ್ಧ ಒಣಗಿರುತ್ತಿತ್ತು.