ಬಿರುದು ಮೊದಲು, ಕಟ್ಟಡ ಆಮೇಲೆ

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವೊಂದು, ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ಆ ಗುಡಿಯ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ದೊರೆತುದನ್ನು ಸ್ಮರಿಸುತ್ತದೆ. ಎಂಟನೆಯ ಶತಮಾನದ ಆ ಮನ್ನಣೆಗೆ ಎದುರಿಗೆ ನಿಂತಿದ್ದ ಗುಡಿಯೇ ಆಧಾರವಾಗಿದ್ದಿತು. ನಮ್ಮ ಕಾಲದ ಶಾಸನವಾದರೋ ಈ ಕ್ರಮವನ್ನು ಹಿಂದುಮುಂದಾಗಿಸಿದೆ: 1972ರ ಆರ್ಕಿಟೆಕ್ಟ್ಸ್ ಕಾಯಿದೆಯ ಮೇರೆಗೆ, ಮಾನ್ಯವಾದ ಪದವಿಯನ್ನು ಪಡೆದು ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ ದಾಖಲೆಯಲ್ಲಿ ಹೆಸರು ಬರೆಯಿಸಿಕೊಂಡವನು, ತನ್ನದೆಂಬ ಒಂದು ಗೋಡೆಯನ್ನೂ ಎಬ್ಬಿಸದೆ ಆರ್ಕಿಟೆಕ್ಟ್ ಎನಿಸಿಕೊಳ್ಳಬಲ್ಲನು.

ಆ ದಾಖಲೆಯವರೆಗಿನ ದಾರಿ ಮಾತ್ರ ಅಷ್ಟು ಸುಗಮವಲ್ಲ. ಗಣಿತ, ಭೌತಶಾಸ್ತ್ರಗಳೊಡನೆ ಪಿಯುಸಿ ಮುಗಿಸಿದ ವಿದ್ಯಾರ್ಥಿಯು 2006ರಲ್ಲಿ ಆರಂಭವಾದ ‘ನಾಟಾ’ ಪರೀಕ್ಷೆಯನ್ನೋ ಜೆಇಇಯ ಎರಡನೆಯ ಪತ್ರಿಕೆಯನ್ನೋ ಎದುರಿಸಬೇಕು. ಕರ್ನಾಟಕದಲ್ಲಿ ನಾಟಾದ ಅಂಕಗಳನ್ನು ಪಿಯುಸಿ ಅಂಕಗಳೊಡನೆ ಕೂಡಿಸಿ ಪರೀಕ್ಷಾ ಪ್ರಾಧಿಕಾರವು ರ‍್ಯಾಂಕುಗಳನ್ನು ಪ್ರಕಟಿಸುತ್ತದೆ. ಮುಂದೆ ಐದು ವರ್ಷಗಳ ಬಿ.ಆರ್ಕ್., ಅಂದರೆ ಹತ್ತು ಸೆಮಿಸ್ಟರುಗಳ ವ್ಯಾಸಂಗ.

ಈ ವ್ಯಾಸಂಗದ ಹೃದಯವು ತರಗತಿಯಲ್ಲಿಲ್ಲ, ಸ್ಟುಡಿಯೊದಲ್ಲಿದೆ. ಉದ್ದನೆಯ ಮೇಜುಗಳು, ಟಿ-ಸ್ಕ್ವೇರು, ಮೌಂಟ್ ಬೋರ್ಡನ್ನು ಕೊಯ್ದು ಅಂಟಿಸಿದ ಮಾಡೆಲುಗಳು, ಸಲ್ಲಿಕೆಯ ಹಿಂದಿನ ರಾತ್ರಿಯ ಜಾಗರಣೆ — ಇವುಗಳ ನಡುವೆ ವಿದ್ಯಾರ್ಥಿಯು ರೇಖೆಯನ್ನು ಗೋಡೆಯಾಗಿಯೂ, ಎರಡು ರೇಖೆಗಳ ನಡುವಣ ಬಿಳುಪನ್ನು ಮನುಷ್ಯನು ಓಡಾಡುವ ಅವಕಾಶವಾಗಿಯೂ ಕಾಣುವ ಅಭ್ಯಾಸವನ್ನು ಮೆಲ್ಲಮೆಲ್ಲನೆ ರೂಢಿಸಿಕೊಳ್ಳುತ್ತಾನೆ. ನಕ್ಷೆಗಳನ್ನು ಗೋಡೆಗೆ ತಗುಲಿಸಿ ಹಿರಿಯರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕಾದ ‘ಜ್ಯೂರಿ’ಯೆಂಬ ಅಗ್ನಿಪರೀಕ್ಷೆ ನಡೆಯುವುದೂ ಅಲ್ಲಿಯೇ. ಬೆಳಕು, ಅವಕಾಶ, ಸಂಸ್ಕೃತಿ ಎಂದು ವಿದ್ಯಾರ್ಥಿನಿಯೊಬ್ಬಳು ನಿರರ್ಗಳವಾಗಿ ವಿವರಿಸುತ್ತಿರುವಾಗ, ಅದುವರೆಗೂ ಸುಮ್ಮನಿದ್ದ ಹಿರಿಯರೊಬ್ಬರು ಸೆಕ್ಷನ್ನಿನ ಮೇಲೆ ಬೆರಳಿಟ್ಟು, “ಅಲ್ಲಮ್ಮ, ಈ ಮೆಟ್ಟಿಲು ಇಳಿಯುವವರ ತಲೆ ಈ ತೊಲೆಗೆ ಬಡಿಯೋದಿಲ್ವೇ?” ಎಂದು ಕೇಳುವುದುಂಟು. ಮೆಟ್ಟಿಲಿನ ಎತ್ತರ 150 ಮಿಲಿಮೀಟರು, ಅಗಲ 300 ಎಂದು ಪುಸ್ತಕದಲ್ಲಿ ಓದಿದವಳಿಗೆ, ಆ ಅಂಕಿಗಳ ಮೇಲೆ ಹತ್ತಿಳಿಯುವ ದೇಹವೊಂದುಂಟೆಂಬುದು ಆ ಕ್ಷಣದಲ್ಲಿ ಹೊಳೆಯುವಷ್ಟು ಚೆನ್ನಾಗಿ ಯಾವ ಉಪನ್ಯಾಸದಲ್ಲಿಯೂ ಹೊಳೆಯದು. ಆದರೂ ಜ್ಯೂರಿಗೆ ಒಂದು ದೋಷವಿದೆ. ಮಾತಿನ ಬಲ್ಮೆಯುಳ್ಳವರು ಅಲ್ಲಿ ತಮ್ಮ ನಕ್ಷೆಗಿಂತ ಹೆಚ್ಚು ಅಂಕ ಪಡೆಯುತ್ತಾರೆ.

ಈ ಐದು ವರ್ಷಗಳೊಳಗೇ ವಿದ್ಯಾರ್ಥಿಯು ಒಂದು ಸೆಮಿಸ್ಟರು ಆರ್ಕಿಟೆಕ್ಟರ ಕಚೇರಿಯೊಂದರಲ್ಲಿ ದುಡಿಯಬೇಕು. ಲೋಕವನ್ನು ಬೆರಗುಗೊಳಿಸುವ ಸಭಾಭವನವನ್ನು ಕಲ್ಪಿಸಿಕೊಂಡು ಹೋದವನಿಗೆ ಅಲ್ಲಿ ಸಿಕ್ಕುವುದು ಬಹುಮಟ್ಟಿಗೆ ಬಾಗಿಲು ಕಿಟಕಿಗಳ ಪಟ್ಟಿ, ಬಚ್ಚಲಿನ ನಕ್ಷೆ. ಸೈಟಿಗೆ ಹೋದರೆ ಮೇಸ್ತ್ರಿಯ ಪ್ರಶ್ನೆ — ಬಾಗಿಲು ಎತ್ತ ತೆರೆಯಬೇಕು, ನೀರಿನ ಇಳಿಜಾರು ಯಾವ ಕಡೆಗೆ? ನನ್ನೆಣಿಕೆಯಲ್ಲಿ ಈ ಅವಧಿ ತೀರ ಕಿರಿದು. ಬೆಂಗಳೂರಿನ ಐಐಎಂ ಆವರಣವನ್ನು ರೂಪಿಸಿದ ಬಾಲಕೃಷ್ಣ ದೋಶಿಯವರು 1962ರಲ್ಲಿ ಅಹಮದಾಬಾದಿನಲ್ಲಿ ವಾಸ್ತುಶಾಲೆಯೊಂದನ್ನು ಸ್ಥಾಪಿಸಿ ಗುರುಗಳಾಗುವುದಕ್ಕೆ ಮೊದಲು, ಪ್ಯಾರಿಸ್ಸಿನ ಲ ಕಾರ್ಬ್ಯೂಸಿಯೆಯ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದೇ ಕಲಿತವರು. ಇಂಗ್ಲೆಂಡಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ, ಪದವಿಗಳ ಜತೆಗೆ ಎರಡು ವರ್ಷದ ಕಚೇರಿಯನುಭವ, ಆಮೇಲೆ ವೃತ್ತಿಯ ವ್ಯವಹಾರವನ್ನು ಕುರಿತ ಮೂರನೆಯ ಭಾಗದ ಪರೀಕ್ಷೆ, ಇಷ್ಟನ್ನು ದಾಟಿದವನಿಗಷ್ಟೇ ಆ ಹೆಸರು. ನಮ್ಮಲ್ಲಿ ಕೊನೆಯ ವರ್ಷದ ಥೀಸಿಸ್ ಮುಗಿದು ಪದವಿ ಕೈಸೇರಿತೆಂದರೆ, ನೋಂದಣಿಗೆ ಬೇರೊಂದು ಪರೀಕ್ಷೆಯಿಲ್ಲ.

ಈ ವೃತ್ತಿಗೆ ಸಂಘಶಕ್ತಿಯನ್ನು ತಂದವರೂ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳೇ ಎಂಬುದೊಂದು ಸ್ವಾರಸ್ಯ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವಾಸ್ತುವಿದ್ಯೆಯನ್ನು ಕಲಿತು ಹೊರಬಂದವರು 1917ರಲ್ಲಿ ಕಟ್ಟಿಕೊಂಡ ಸಂಘವೇ ಬೆಳೆದು, 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂದಾಯಿತು. ಕಾಯಿದೆ ಬಂದದ್ದು ಅಲ್ಲಿಂದ ನಾಲ್ಕು ದಶಕಗಳಾದ ಮೇಲೆ.

ಅಷ್ಟು ತಡವಾಗಿ ಬಂದ ಕಾಯಿದೆಯೂ ರಕ್ಷಿಸುವುದು ಹೆಸರನ್ನು ಮಾತ್ರ. ನೋಂದಣಿಯಿಲ್ಲದವನು ಆರ್ಕಿಟೆಕ್ಟ್ ಎಂದು ಫಲಕ ತೂಗುಹಾಕಿದರೆ ಅಪರಾಧ. ಆ ಹೆಸರಿನ ಗೊಡವೆಗೆ ಹೋಗದೆ ಮನೆಯ ನಕ್ಷೆ ಬರೆದುಕೊಟ್ಟರೆ ಈ ಕಾಯಿದೆ ಅಡ್ಡಬಾರದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹೀಗಾಗಿ ನಕ್ಷೆಯ ಮೂಲೆಯಲ್ಲಿ ‘ಸಿಎ’ ಎಂದಾರಂಭವಾಗುವ ನೋಂದಣಿ ಸಂಖ್ಯೆಯನ್ನು ಬರೆಯುವ ಹಕ್ಕುಪಡೆದ ತರುಣನು, ತನ್ನ ಮೊದಲ ಗಿರಾಕಿಯ ಎದುರು ಕುಳಿತಾಗ, ಅವರ ಪಕ್ಕದಲ್ಲಿ ವಾಸ್ತು ಹೇಳುವವರೊಬ್ಬರು ಆಗಲೇ ಒಂದು ಪ್ಲಾನು ಹಿಡಿದು ಕುಳಿತಿರುವುದು ಅಪೂರ್ವವೇನೂ ಅಲ್ಲ. ಅಡಿಗೆಮನೆಯನ್ನು ಆಗ್ನೇಯಕ್ಕೆ ಸರಿಸಲು ಇವನು ಒಪ್ಪದಿದ್ದರೆ ಕೆಲಸ ಇನ್ನೊಬ್ಬರ ಪಾಲಾಗುತ್ತದೆ. ಆ ಇನ್ನೊಬ್ಬರ ಹೆಸರು ಕೌನ್ಸಿಲ್ಲಿನ ದಾಖಲೆಯಲ್ಲಿರಬೇಕೆಂಬ ನಿರ್ಬಂಧವೇನೂ ಈ ಕಾಯಿದೆಯಲ್ಲಿಲ್ಲ.